ಬಾಡಿ ಅವರದು, ಬಣ್ಣ ನಮ್ಮದು

ಮೊನ್ನೆ ಒಂದು ಅಂಗಡಿ ಬೋರ್ಡಿನ ಅಳತೆ ತೆಗೆದುಕೊಳ್ಳೋಣ ಅಂತ ಕುಣಿಗಲ್ಲಿಗೆ ಹೋಗಿದ್ದೆ. ಬಸ್ಸಿಳಿದಾಗ ಸಣ್ಣಗೆ ಜಡಿ ಹಿಡಿದಿತ್ತು. ಛತ್ರಿ ಬಿಚ್ಚುವಷ್ಟರಲ್ಲಿ ಎಲ್ಲಿಂದಲೋ ಥಿನ್ನರ್ ವಾಸನೆ ಬಂತು. ಕೆಲವರಿಗೆ ಮಲ್ಲಿಗೆ ಘಮಕ್ಕೆ ತವರು ನೆನಪಾಗುತ್ತದಂತೆ, ಕೆಲವರಿಗೆ ಒಗ್ಗರಣೆ ವಾಸನೆಗೆ. ಬಸ್ ಪೇಂಟರ್ ಮಗಳಾದ ನನಗೆ ಥಿನ್ನರ್ರೇ ತವರು. ಅಳತೆ ಟೇಪನ್ನು ಬ್ಯಾಗಿಗೆ ತುರುಕಿ, ವಾಸನೆಯ ಜಾಡು ಹಿಡಿದು ಹೊರಟೆ. ಗ್ಯಾರೇಜು ಸಾಲಿನ ಕೊನೆಯ ಶೆಡ್ಡಿನಲ್ಲಿ ಒಂದು ಪ್ರೈವೇಟ್ ಬಸ್ಸು ನಿಂತಿತ್ತು. ನನ್ನದೇ ವಯಸ್ಸಿನ ಮೀಸೆಯವರೊಬ್ಬರು ಅದರ ಮೈಮೇಲಿನ ಹಳೇ ಅಂಟು ಒರೆಸಿ ಹೊಸ ಸ್ಟಿಕ್ಕರ್ ಮೆತ್ತುತ್ತಿದ್ದರು. ಅಲ್ಲಿ ನಾನು ಏನು ಕಂಡೆ, ಕಂಡು ಯಾಕೆ ಮಳೆಯಲ್ಲೇ ಬಾಯಿ ಬಿಟ್ಟುಕೊಂಡು ನಿಂತೆ ಅನ್ನುವುದು ಗೊತ್ತಾಗಬೇಕಾದರೆ ಆ ಮಳೆಗಾಲದ ಕಥೆ ಮೊದಲು ಹೇಳಬೇಕು.

ತುಮಕೂರಿನಲ್ಲಿ ಗುಬ್ಬಿ ಗೇಟಿನಾಚೆ ನಮ್ಮ ಅಬ್ಬನ ಶೆಡ್ಡು. ಎಫ್‌ಸಿಗೆ, ಅಂದರೆ ವರ್ಷದ ಫಿಟ್‌ನೆಸ್ ತಪಾಸಣೆಗೆ, ಹೋಗುವ ಮುಂಚೆ ಬಸ್ಸುಗಳೆಲ್ಲ ಬಣ್ಣಕ್ಕೆ ಅಲ್ಲಿಗೆ ಬರುತ್ತಿದ್ದವು. ಗುಬ್ಬಿ, ಕಡಬ, ಸಿ.ಎಸ್. ಪುರ, ಕುಣಿಗಲ್ ಕಡೆ ಓಡುವ ಯಾವ ಬಸ್ಸಿನ ಹಣೆ ನೋಡಿದರೂ ಅಬ್ಬನ ಅಕ್ಷರ ಕಾಣುತ್ತಿತ್ತು. ದುಂಡನೆಯ ಹಳದಿ ಅಕ್ಷರ, ಅದಕ್ಕೆ ಕೆಂಪು ಅಂಚು, ಅಂಚಿಗೊಂದು ಕಪ್ಪು ನೆರಳು. ಅಬ್ಬನಿಗೆ ತನ್ನ ಅಕ್ಷರದ ಮೇಲೆ ಇದ್ದ ಜಂಬ ಅಷ್ಟಿಷ್ಟಲ್ಲ. ರಸ್ತೆಯಲ್ಲಿ ಯಾವುದಾದರೂ ಬಸ್ಸು ಹಾದುಹೋದರೆ ಊಟದ ತಟ್ಟೆ ಹಿಡಿದುಕೊಂಡೇ ಎದ್ದು ಬಂದು ನೋಡುತ್ತಿದ್ದರು, ತಮ್ಮದಾದರೆ ನಗು, ಬೇರೆಯವರದ್ದಾದರೆ ಬೈಗುಳ.

ಇನ್ನೊಂದು ವಿಚಿತ್ರ ಇತ್ತು. ಮನೆಯಲ್ಲಿ ನಮ್ಮ ಮಾತು ಉರ್ದು. ಆದರೆ ಕೆಲಸದ ವಿಷಯ ಬಂದರೆ ಅಬ್ಬನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಹೆಂಡತಿ ಮಕ್ಕಳ ಜೊತೆಗೂ ಅಷ್ಟೆ. ನನಗೆ "ಶಬಾನಾ, ಚಾಯ್ ಲಾ" ಅಂದವರು ಮರುಗಳಿಗೆ "ಆ ಉಪ್ಪುಕಾಗ್ದ ಎಲ್ಲಿಕ್ಕಿದೀಯೇ?" ಅನ್ನುತ್ತಿದ್ದರು.

ಆ ವರ್ಷ ಶೆಡ್ಡು ಖಾಲಿ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ಎನಾಮೆಲ್ ಒಣಗೋದಿಲ್ಲ, ಹಾಗಾಗಿ ಕೆಲಸ ಕಮ್ಮಿ, ಅದು ಪ್ರತಿವರ್ಷದ್ದು. ಆದರೆ ಆ ಸಲ ಬಂದ ಬಸ್ಸುಗಳೂ ಬಣ್ಣಕ್ಕೆ ನಿಲ್ಲಲಿಲ್ಲ. ಎಲ್ಲರಿಗೂ ಸ್ಟಿಕ್ಕರ್ ಬೇಕು. ಬೆಳಿಗ್ಗೆ ಬಿಟ್ಟರೆ ಸಂಜೆಗೆ ರೆಡಿ. ಅಬ್ಬ ಬರೆದಿದ್ದ ಹೆಸರುಗಳು ಒಂದೊಂದೇ ಸ್ಟಿಕ್ಕರಿನ ಅಡಿಗೆ ಹೋದವು. ಆಷಾಢದ ಹೊತ್ತಿಗೆ, ಹೆಬ್ಬೂರು ರೂಟಿನ ಒಂದು ಹಳೇ ಬಸ್ಸು ಬಿಟ್ಟರೆ ಅಬ್ಬನ ಅಕ್ಷರ ಹೊತ್ತು ಓಡುವ ಗಾಡಿಯೇ ಇರಲಿಲ್ಲ. ಅದೂ ಗುಜರಿಗೆ ಹೋಯಿತು. ಅವತ್ತು ಅಬ್ಬ ಊಟ ಮಾಡಲಿಲ್ಲ.

ಆ ಗುಜರಿ ಬಸ್ಸಿನ ಕಂಡಕ್ಟರ್ ಲೋಕೇಶ, ಗೂಳೂರಿನವನು. ತನ್ನ ಬಸ್ಸು ಹೋದ ದುಃಖಕ್ಕೆ ಶೆಡ್ಡಿಗೆ ಬಂದು ಕೂತವನು ಫೋನಿನಲ್ಲಿ ಒಂದು ಗೇಮ್ ತೋರಿಸಿದ. ಬಸ್ ಓಡಿಸುವ ಆಟ. ಸ್ಟೇರಿಂಗು, ಗೇರು, ವೈಪರು ಎಲ್ಲ ಉಂಟು. ಆಟದ ಬಸ್ಸಿನ ಹೊರಮೈ ಅನ್ನುವುದು ಬರೀ ಒಂದು ಚಿತ್ರ. ಅದನ್ನು ತೆಗೆದು ನಮಗೆ ಬೇಕಾದ ಚಿತ್ರ ಹೊದಿಸಬಹುದು.

"ಅಕ್ಕಾ, ನೀನು ಕಂಪ್ಯೂಟ್ರಲ್ಲಿ ಡಿಸೈನ್ ಮಾಡ್ತೀಯಲ್ಲ, ನಮ್ ಬಸ್ಸು ಇದ್ರೊಳಗೆ ಓಡೋ ಹಂಗೆ ಮಾಡ್ಕೊಡು" ಅಂದ. ಅಬ್ಬನ ಹತ್ತಿರ ಇದ್ದ ಆ ಬಸ್ಸಿನ ಹಳೇ ಫೋಟೋ ಇಟ್ಟುಕೊಂಡು ಮಾಡಿದೆ. ಎಡಗಡೆಗೆ ಮಾಡಿದ್ದನ್ನೇ ಬಲಗಡೆಗೂ ಅಂಟಿಸಿ, ಹೆಮ್ಮೆಯಿಂದ ಅಬ್ಬನ ಮುಂದೆ ಹಿಡಿದೆ.

"ಆಟದ ಬಸ್ಸಾ? ಮಕ್ಕಳಾಟ" ಅಂತ ಅಬ್ಬ ಮುಖ ತಿರುಗಿಸಿದರು. ಆದರೆ ಕಣ್ಣು ಫೋನಿನ ಮೇಲೇ ಇತ್ತು. ಲೋಕೇಶ ಬಸ್ಸನ್ನು ಒಂದು ಸುತ್ತು ತಿರುಗಿಸಿದ. ಅಬ್ಬ ಎದ್ದು ನಿಂತುಬಿಟ್ಟರು. "ಏಯ್, ಬಲಗಡೆ ನೆರಳು ಮುಂದಕ್ಕೆ ಬಿದ್ದೈತಲ್ಲೇ! ಬಸ್ಸು ಮುಂದೆ ಓಡ್ತಿದ್ರೆ ಅಕ್ಷರದ ನೆರಳು ಹಿಂದಕ್ಕೆ ಬೀಳ್ಬೇಕು ಕಣೇ. ಎಡಕ್ಕೂ ಅಷ್ಟೆ, ಬಲಕ್ಕೂ ಅಷ್ಟೆ. ಹಿಂಗೆ ಮಾಡಿದ್ರೆ ಬಸ್ಸು ರಿವರ್ಸ್ ಹೋದಂಗೆ ಕಾಣ್ತದೆ. ನನ್ ಹೆಸ್ರು ಹಾಳು ಮಾಡ್ಬೇಡ."

ಅಷ್ಟು ವರ್ಷ ಆ ಅಕ್ಷರ ನೋಡಿಕೊಂಡೇ ಬೆಳೆದವಳು ನಾನು. ನೆರಳು ಎರಡೂ ಕಡೆ ಬಸ್ಸಿನ ಹಿಂದಕ್ಕೇ ಬೀಳುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಮಾರನೇ ದಿನದಿಂದ ಅಬ್ಬ ತಗಡಿನ ಹಾಳೆಗಳ ಮೇಲೆ ಒಂದೊಂದೇ ಬಸ್ಸಿನ ಹೆಸರು ಹೊಸದಾಗಿ ಬರೆಯತೊಡಗಿದರು, ಎಡಕ್ಕೊಂದು, ಬಲಕ್ಕೊಂದು. ಒಣಗಲು ನಾಕು ದಿನ ಹಿಡಿದರೂ ಅವಸರ ಇರಲಿಲ್ಲ. ಹೊರಗೆ ಮಳೆ, ಒಳಗೆ ಬ್ರಷ್ಷಿನ ಸದ್ದು. ನಾನು ಫೋಟೋ ಹಿಡಿದು ಆಟದೊಳಕ್ಕೆ ಬಿಡುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ! ಬಸ್ಸು ಬಂದ ಮೇಲೆ ರಸ್ತೆ ಬೇಡವೇ? ಲೋಕೇಶ 'ರೈಟ್ ರೈಟ್ ಬಳಗ' ಅಂತ ಒಂದು ಗ್ರೂಪು ಮಾಡಿದ. ಕಡಬದ ಒಬ್ಬ ಮೇಷ್ಟ್ರು ಕೆರೆ ಏರಿ ಮಾಡಿಕೊಟ್ಟರು. ಗುಬ್ಬಿಯ ಇಬ್ಬರು ಅಣ್ಣತಮ್ಮಂದಿರು ಬಸ್ ಸ್ಟ್ಯಾಂಡು ಕಟ್ಟಿದರು. ಕುಣಿಗಲ್ ರಸ್ತೆಯ ಹಂಪುಗಳನ್ನು ಲೋಕೇಶನೇ ಕೂರಿಸಿದ. ಯಾವ ಹಂಪಿಗೆ ಹಿಂದಿನ ಸೀಟಿನವರು ಎಷ್ಟು ಹಾರುತ್ತಾರೆ ಅನ್ನುವುದು ಅವನಿಗೆ ಬಾಯಿಪಾಠ. "ಹೆಬ್ಬೂರ್, ಹೆಬ್ಬೂರ್, ಕುಣಿಗಲ್... ಒಳಗೋಗಿ, ಒಳಗೋಗಿ, ಹಿಂದೆ ಖಾಲಿ ಐತೆ" ಅಂತ ಅವನದೇ ದನಿ ಹಾಕಿದೆವು. ಹೊಸ ಬಸ್ಸು ಮೊದಲ ಸಲ ಹೊರಡಬೇಕಾದರೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಬೇಕು, ಇಲ್ಲದಿದ್ದರೆ ಸ್ಟಾರ್ಟ್ ಆಗದ ಹಾಗೆ ಮಾಡಿದ್ದು ಮಾತ್ರ ಯಾರ ತಲೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ನಿಂಬೆಹಣ್ಣು ಇಡದೆ ಬಸ್ಸು ಹೊರಡಿಸುವ ಆಟ ನಮಗ್ಯಾರಿಗೂ ಆಟ ಅನಿಸಿರಲೇ ಇಲ್ಲ.

ಅಷ್ಟರಲ್ಲಿ ಗೇಮಿನ ಕಂಪನಿಯವರು ಆ ಹಳೇ ಆಟವನ್ನು ತೆಗೆದುಬಿಟ್ಟರು. ಬದಲಿಗೆ ಹೊಸದು ಬಂತು. ಅದಕ್ಕೆ ದೊಡ್ಡ ಫೋನ್ ಬೇಕು. ಅದರೊಳಗೆ ನಮ್ಮ ಬಣ್ಣ, ನಮ್ಮ ರಸ್ತೆ ಯಾವುದಕ್ಕೂ ಜಾಗವಿಲ್ಲ. ಹಳೆಯದು ಎಲ್ಲೂ ಸಿಗುವ ಹಾಗಿಲ್ಲ. ಆಗ ಬಳಗದವರು ಇಡೀ ಹಳೇ ಆಟವನ್ನೇ, ನಮ್ಮ ಬಸ್ಸು ರಸ್ತೆಗಳ ಸಮೇತ ಗಂಟು ಕಟ್ಟಿ, ಬಳಗದ ಪುಟದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ಇಡುವುದೆಂದು ತೀರ್ಮಾನಿಸಿದರು. ಕಂಪನಿಯ ಸ್ವತ್ತನ್ನು ಹಾಗೆ ಹಂಚುವುದಕ್ಕೆ ಕಾನೂನಿನಲ್ಲಿ ಅನುಮತಿ ಇಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅವರೇ ಮಾರದೆ ಬಿಸಾಕಿದ್ದು ತಾನೇ, ಕಾಸು ಮುಟ್ಟದೆ ಹಂಚಿದರೆ ಯಾರಿಗೇನು ನಷ್ಟ ಅನ್ನುವುದು ಬಳಗದ ವಾದ.

ಅಬ್ಬ ಕೇಳಿದ್ದು ಒಂದೇ ಪ್ರಶ್ನೆ. "ಪ್ಲೇಟ್ ಎಲ್ಲಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ಸಿನ ಬಾಡಿ ಕಟ್ಟಿದವರು ಬಾಗಿಲ ಹತ್ತಿರವೋ ಡ್ರೈವರ್ ತಲೆ ಮೇಲೋ ತಮ್ಮ ಹೆಸರಿನ ಒಂದು ಸಣ್ಣ ಲೋಹದ ಪ್ಲೇಟು ಹೊಡೆದಿರುತ್ತಾರೆ. ಬಸ್ಸು ಎಷ್ಟು ಸಲ ಬಣ್ಣಕ್ಕೆ ಬರಲಿ, ಎಷ್ಟು ಓನರುಗಳ ಕೈ ಬದಲಾಗಲಿ, ಅಬ್ಬ ಆ ಪ್ಲೇಟಿಗೆ ಮೊದಲು ಟೇಪು ಅಂಟಿಸಿಯೇ ಡಬ್ಬ ತೆರೆಯುತ್ತಿದ್ದುದು. ಕೊನೆಗೆ ಟೇಪು ಕಿತ್ತು, ಬಟ್ಟೆಯಲ್ಲಿ ಉಜ್ಜಿ ಫಳಫಳ ಮಾಡಿ ಕೊಡುತ್ತಿದ್ದರು. ಇದು ಅವರ ಉಸ್ತಾದರು ಕಲಿಸಿದ್ದು. ಬಾಡಿ ಕಟ್ಟಿದವನ ಹೆಸರಿನ ಮೇಲೆ ಬಣ್ಣ ಬಿಟ್ಟವನು ಪೇಂಟರ್ ಅಲ್ಲ, ಸುಣ್ಣ ಹೊಡೆಯುವವನು ಅನ್ನುವುದು ಶೆಡ್ಡಿನ ಮಾತು.

"ಆಟ ಕಟ್ಟಿದೋರು ಅವ್ರು ತಾನೆ? ಬಾಡಿ ಅವ್ರುದು, ಬಣ್ಣ ನಮ್ದು. ಪ್ಲೇಟ್ ಹಾಕು."

ಕಂಪನಿಯವರು ತಮ್ಮ ಹೆಸರನ್ನು ಆಟ ಶುರುವಾಗುವಾಗ ಒಂದು ಕಡೆ ತೋರಿಸುತ್ತಿದ್ದರು, ಅಷ್ಟೆ. ನಾವು ಪ್ರತಿ ಬಸ್ಸಿನೊಳಗೆ ಡ್ರೈವರ್ ತಲೆ ಮೇಲೆ ಒಂದು ಹಿತ್ತಾಳೆ ಪ್ಲೇಟು ಕೂರಿಸಿ, ಅದರ ಮೇಲೆ ಅವರ ಹೆಸರು ಹಾಕಿದೆವು. ಪ್ಲೇಟಿನ ಮೂಲೆಗಳಲ್ಲಿ ನಾಲ್ಕು ಸ್ಕ್ರೂ ಕೂಡ ಬರೆದೆ.

ಹುಬ್ಬೆ ಮಳೆ ಜೋರಾಗಿ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಲೋಕೇಶ ನೆಂದು ತೊಪ್ಪೆಯಾಗಿ ಓಡಿಬಂದ. ಬಳಗದ ಪುಟ ಮುಚ್ಚಿಹೋಗಿತ್ತು. ಫೋನಿನಲ್ಲಿ ಕಂಪನಿಯ ನೋಟಿಸು. ಬೇರೆ ಎಲ್ಲೆಲ್ಲಿ ಹಂಚಿದ್ದೀರೋ ಅದನ್ನೂ ಒಂದು ವಾರದೊಳಗೆ ತೆಗೆಯಬೇಕು, ಇಲ್ಲವಾದರೆ ಕೋರ್ಟು.

"ಅಕ್ಕಾ, ಅಡ್ಮಿನ್ ಅಂತ ನನ್ ಹೆಸ್ರಿಗೇ ಬಂದೈತೆ. ಓನರ್‌ಗೆ ಗೊತ್ತಾದ್ರೆ ಬೇರೆ ಬಸ್ಸಿಗೆ ಹಾಕ್ತೀನಿ ಅಂದಿರೋ ಕೆಲ್ಸಾನೂ ಹೋಯ್ತದೆ."

ಗ್ರೂಪಿನಲ್ಲಿ ಜಗಳ ಹೊತ್ತಿಕೊಂಡಿತು. ಯಾರೂ ಹೆದರಬೇಕಿಲ್ಲ ಅಂತ ಬೆಂಗಳೂರು ಕಡೆಯ ಒಬ್ಬ ಸಲಹೆ ಕೊಟ್ಟ. ಅವನ ಪ್ರಕಾರ ಕಂಪನಿಯವರು ತಮ್ಮ ಹೆಸರು ಎಲ್ಲೆಲ್ಲಿದೆ ಅಂತ ಹುಡುಕಿಸುತ್ತಾರೆ. ಬಸ್ಸಿನೊಳಗಿನ ಫೋಟೋಗಳನ್ನು ನಾವು ಹೆಮ್ಮೆಯಿಂದ ಹಾಕಿದ್ದೆವಲ್ಲ, ಅದರಲ್ಲಿದ್ದ ಪ್ಲೇಟೇ ಅವರಿಗೆ ದಾರಿ ತೋರಿಸಿದ್ದು. ಪ್ಲೇಟು ಅಳಿಸಿ, ಶುರುವಿನ ಹೆಸರನ್ನೂ ತೆಗೆದು, ಆಟಕ್ಕೆ ಬೇರೆ ಹೆಸರಿಟ್ಟು ಇನ್ನೊಂದು ಕಡೆ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂದ. ಬಹಳ ಜನ ಸೈ ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನಾವಾದರೋ ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡು, ಅದರ ಮೇಲೆ ತೋಟದವನ ಹೆಸರನ್ನೂ ಬರೆದುಕೊಂಡು ಊರೆಲ್ಲ ಮೆರೆದಿದ್ದೆವು! ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಅಬ್ಬನ ಅಕ್ಷರ ಹೊತ್ತು ಬಸ್ಸುಗಳು ಓಡುತ್ತಿದ್ದದ್ದು ಲೋಕದಲ್ಲಿ ಆ ಒಂದು ರಸ್ತೆಯ ಮೇಲೆ ಮಾತ್ರ. ಅದೂ ಮುಚ್ಚಿದರೆ? ಫೈಲುಗಳು ನನ್ನ ಕಂಪ್ಯೂಟರಿನಲ್ಲಿ ಉಳಿಯುತ್ತವೆ, ನಿಜ. ಆದರೆ ಶೆಡ್ಡಿನಲ್ಲಿ ನಿಂತದ್ದು ಬಸ್ಸಲ್ಲ, ತಗಡು. ಓಡಬೇಕು, ಯಾರೋ ಕೈ ಅಡ್ಡ ಹಿಡಿದು ಹತ್ತಬೇಕು. ಪ್ಲೇಟು ಅಳಿಸುವುದು ನನಗೆ ಎರಡು ನಿಮಿಷದ ಕೆಲಸ. ಆ ಕೆಲಸವನ್ನು ನಾನೇ ಮಾಡುತ್ತೇನೆ ಅಂತ ಅಬ್ಬನಿಗೆ ಹೇಳಿದೆ.

ಅಬ್ಬ ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಕ್ಕೆ ಅದ್ದಿ ಇಟ್ಟರು. "ನನ್ ಹೆಸ್ರು ಉಳೀಲಿ ಅಂತ ಇನ್ನೊಬ್ಬನ ಹೆಸ್ರು ಅಳ್ಸದಾ? ಆ ಸ್ಟಿಕ್ಕರ್ ನನ್ ಮಕ್ಳು ನಂಗೆ ಮಾಡಿದ್ದೇನು ಮತ್ತೆ?"

ಲೋಕೇಶ ತಲೆ ತಗ್ಗಿಸಿ ಕೂತಿದ್ದವನು ಎದ್ದ. "ಸಾಬ್ರು ಯೋಳಿದ್ದು ಸರಿ ಕಣಕ್ಕ. ತೆಗೆಯೋದಾದ್ರೆ ನಾವೇ ತೆಗೆಯನ, ಪ್ಲೇಟ್ ಸಮೇತ. ಕದ್ದುಮುಚ್ಚಿ ಓಡ್ಸೋಕೆ ಇದೇನು ಪರ್ಮಿಟ್ ಇಲ್ದಿರೋ ಗಾಡಿನಾ?"

ಎಲ್ಲ ಕಡೆಯಿಂದ ನಾವೇ ತೆಗೆದೆವು. ಬಳಗದ ಅರ್ಧ ಜನ ಬೈದು ಗ್ರೂಪು ಬಿಟ್ಟರು. ಹೇಡಿಗಳು ಅಂದರು. ಅದು ನನಗೆ ಚೆನ್ನಾಗಿಯೇ ಚುಚ್ಚಿತು. ಕಂಪನಿಗೆ ಉತ್ತರ ಬರೆದವಳು ನಾನು. ತೆಗೆದಿದ್ದೇವೆ ಅಂದೆ. ಯಾಕೆ ಹಂಚಿದೆವು ಅಂತಲೂ ಬರೆದೆ. ಅಬ್ಬ ಬಣ್ಣ ಹೊಡೆದ ನಿಜವಾದ ಬಸ್ಸುಗಳ ಹಳೇ ಫೋಟೋ, ಅದರೊಳಗೆ ಬಣ್ಣ ತಾಕದ ಪ್ಲೇಟು, ಪಕ್ಕದಲ್ಲಿ ಆಟದ ಬಸ್ಸಿನೊಳಗಿನ ಪ್ಲೇಟು, ಎಲ್ಲ ಜೊತೆಗೆ ಕಳಿಸಿದೆ. ನೀವು ಮಾರುವುದನ್ನು ನಿಲ್ಲಿಸಿದ ಗಾಡಿಯನ್ನು, ನಿಮ್ಮ ಹೆಸರಿನಲ್ಲೇ, ಕಾಸು ಮುಟ್ಟದೆ ಓಡಿಸಲು ಅನುಮತಿ ಕೊಡಿ ಅಂತ ಕೇಳಿದೆ. ಬೇಡಿಕೊಳ್ಳಲಿಲ್ಲ, ಕೇಳಿದೆ. ಆ ವ್ಯತ್ಯಾಸ ಇರಲಿ ಅಂತ ಮೂರು ಸಲ ತಿದ್ದಿದ್ದೆ.

ಉತ್ತರ ಬರಲಿಲ್ಲ. ಉತ್ತರೆ ಮಳೆಯೂ ಬಂದು ಹೋಯಿತು. ಅಬ್ಬ ತಗಡುಗಳನ್ನು ಗೋಡೆಗೆ ಒರಗಿಸಿ, ಮೇಲೊಂದು ಟಾರ್ಪಾಲು ಹೊದಿಸಿದರು. ಲೋಕೇಶ ಬೇರೆ ಬಸ್ಸಿಗೆ ಸೇರಿಕೊಂಡ, ನಮ್ಮ ಕಡೆ ಬರುವುದು ಕಡಿಮೆ ಮಾಡಿದ. ಆಯುಧಪೂಜೆ ಹತ್ತಿರ ಬಂದರೂ ಶೆಡ್ಡಿನ ಮುಂದೆ ಬಸ್ಸುಗಳ ಸಾಲು ಇಲ್ಲ. ಅಂಥ ಮಂಕು ನಮ್ಮ ಶೆಡ್ಡಿಗೆ ಹಿಂದೆಂದೂ ಬಂದಿರಲಿಲ್ಲ.

ಪೂಜೆಗೆ ಎರಡು ದಿನ ಇದೆ ಅನ್ನುವಾಗ ಮಧ್ಯಾಹ್ನದ ಹೊತ್ತು ಕಂಪನಿಯಿಂದ ಫೋನು ಬಂತು. ಮೀರಾ ಅಂತ, ಆಡುವವರ ಬಳಗಗಳನ್ನೆಲ್ಲ ನೋಡಿಕೊಳ್ಳುವ ಹೆಂಗಸು. ಉತ್ತರದ ಕಡೆಯವರು, ಹಿಂದಿಯಲ್ಲಿ ಮಾತು. ವಿಡಿಯೋ ಹಾಕಿ, ನಿಮ್ಮ ತಂದೆಯವರನ್ನೂ ಕೂರಿಸಿ ಅಂದರು. ಲೋಕೇಶನನ್ನು ಕರೆಸಿಕೊಂಡು ಮೂವರೂ ಬೆಂಚಿನ ಮೇಲೆ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತೆವು.

ಮೀರಾ ನೇರ ಮಾತಿನವರು. ಅವರು ಹೇಳಿದ್ದು ಇಷ್ಟು: ಇಂಥ ಬಳಗಗಳನ್ನು ಏನು ಮಾಡಬೇಕು ಅನ್ನುವುದಕ್ಕೆ ಕಂಪನಿಗಳಲ್ಲಿ ಒಂದೇ ದಾರಿ ಅಂತ ಇಲ್ಲ. ಕೆಲವರು ಕಂಡಲ್ಲೆಲ್ಲ ಮುಚ್ಚಿಸುತ್ತಾರೆ. ಕೆಲವರು ನೋಡಿಯೂ ನೋಡದ ಹಾಗೆ ಇರುತ್ತಾರೆ, ಯಾವತ್ತು ಬೇಕೋ ಅವತ್ತು ಹಿಡಿಯುತ್ತಾರೆ. ಕೆಲವರು ಮಾತ್ರ ಬರವಣಿಗೆಯಲ್ಲಿ ಒಪ್ಪಿಗೆ ಕೊಡುತ್ತಾರೆ, ಯಾಕೆಂದರೆ ಬರವಣಿಗೆಯಲ್ಲಿ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ತಮ್ಮ ಕಚೇರಿಯಲ್ಲೂ ಇದರ ಮೇಲೆ ಒಂದು ತಿಂಗಳು ಜಗಳವಾಯಿತಂತೆ.

"ನಾನು ಇಷ್ಟು ವರ್ಷ ನೋಡಿದ್ದೇನೆ, ಹಂಚುವವರು ಮೊದಲು ಅಳಿಸುವುದೇ ನಮ್ಮ ಹೆಸರನ್ನು" ಅಂದರು. "ನೀವು, ನಾವೇ ಹಾಕದ ಜಾಗದಲ್ಲೂ ಹಾಕಿದ್ದೀರಿ. ಅದಕ್ಕೆ ಸ್ಕ್ರೂ ಬೇರೆ!"

ಆಮೇಲೆ ಚಕ್ರದ ಕೆಳಗಿನ ಹಳದಿ ಚೆಂಡು ಏನು ಅಂತ ಕೇಳಿದರು. ಲೋಕೇಶ ನಿಂಬೆಹಣ್ಣಿನ ಮಹಿಮೆಯನ್ನು ತನ್ನ ಹರಕು ಹಿಂದಿಯಲ್ಲಿ ವಿವರಿಸಿದ್ದಕ್ಕೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಕೊನೆಗೆ ಬಂದದ್ದು ಒಪ್ಪಿಗೆ. ಹಳೇ ಆಟವನ್ನು ಬಳಗ ಹಂಚಬಹುದು. ಕಾಸು ಪಡೆಯುವಂತಿಲ್ಲ. ಹೊಸ ಆಟವನ್ನು ಮುಟ್ಟುವಂತಿಲ್ಲ. ಕೆಟ್ಟರೆ ಕಂಪನಿಯನ್ನು ಕೇಳುವಂತಿಲ್ಲ. ಪ್ಲೇಟು ಇರಲೇಬೇಕು. "ನಿಮ್ಮ ತಂದೆಯವರಿಗೆ ಏನಾದರೂ ಕೇಳುವುದಿದೆಯೇ?"

ಉರ್ದುವಿನಲ್ಲಿ ಸಲೀಸಾಗಿ ಮಾತಾಡಬಹುದಾಗಿದ್ದ ಅಬ್ಬ, ಇದು ಕೆಲಸದ ಮಾತಾದ್ದರಿಂದ, ಅಪ್ಪಟ ಕನ್ನಡದಲ್ಲಿ ಶುರು ಮಾಡಿದರು. "ನೋಡಮ್ಮ, ಬಾಡಿ ನಿಮ್ದು, ಬಣ್ಣ ನಮ್ದು. ನೀವು ಆಟನ ನಾಳೆ ಏನ್ ಬೇಕಾದ್ರೂ ಮಾಡ್ಕಳಿ. ನೆರಳು ಮಾತ್ರ ಹಿಂದಕ್ಕೇ ಇರ್ಲಿ." ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಮೀರಾ ಬರೆದುಕೊಂಡರು. ನಿಜವಾಗಿಯೂ ಬರೆದುಕೊಂಡರು. ಆ ಹೊತ್ತಿನ ಅಬ್ಬನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಹೆಮ್ಮೆ ನನಗೆ ಮುಂದೆ ನನ್ನ ಸ್ವಂತ ಅಂಗಡಿ ಬೋರ್ಡು ಏರಿದ ದಿನವೂ ಆಗಲಿಲ್ಲ.

ಆಯುಧಪೂಜೆ ದಿನ ನಮ್ಮ ಶೆಡ್ಡಿನ ಮುಂದೆ ನಿಂತದ್ದು ಒಂದೇ ಬಸ್ಸು, ಲೋಕೇಶನ ಹೊಸ ಬಸ್ಸು, ಅದೂ ಸ್ಟಿಕ್ಕರಿನದು. ಆದರೆ ಆಟದ ರಸ್ತೆಯಲ್ಲಿ ಬೈದು ಹೋಗಿದ್ದವರೂ ಸೇರಿ ಇಡೀ ಬಳಗ ಬಸ್ಸುಗಳನ್ನು ತಂದು ಕಡಬದ ಕೆರೆ ಏರಿಯ ಮೇಲೆ ಸಾಲಾಗಿ ನಿಲ್ಲಿಸಿತ್ತು. ಒಂದೊಂದರ ಹಣೆಯ ಮೇಲೂ ಅಬ್ಬನ ಅಕ್ಷರ. ಅಬ್ಬ ಊಟದ ತಟ್ಟೆ ಹಿಡಿದುಕೊಂಡು ಫೋನಿನಲ್ಲಿ ಒಂದೊಂದೇ ಬಸ್ಸು ಹಾದುಹೋಗುವುದನ್ನು ನೋಡಿದರು. ಯಾರನ್ನೂ ಬೈಯಲಿಲ್ಲ.

ಈಗ ಕುಣಿಗಲ್ಲಿನ ಶೆಡ್ಡಿಗೆ ಬರೋಣ. ಆ ಮೀಸೆಯವರು ಬಸ್ಸಿನ ಮೂತಿಯಿಂದ ಬಾಲದವರೆಗೆ ಒಂದೇ ಸಮ ಸ್ಟಿಕ್ಕರ್ ಎಳೆದಿದ್ದರು. ಆದರೆ ಬಾಗಿಲ ಪಕ್ಕಕ್ಕೆ ಬಂದಾಗ ಕೈ ನಿಲ್ಲಿಸಿ, ಬ್ಲೇಡು ತೆಗೆದುಕೊಂಡು, ಒಂದು ಸಣ್ಣ ಚೌಕ ಕತ್ತರಿಸಿ ತೆಗೆದರು. ಕೆಳಗೆ ಬಾಡಿ ಕಟ್ಟಿದವರ ಪ್ಲೇಟು. ಅದನ್ನು ಅಂಗಿ ತುದಿಯಲ್ಲಿ ಉಜ್ಜಿ ಫಳಫಳ ಮಾಡಿದರು. ಸ್ಟಿಕ್ಕರಿನವರು ಪ್ಲೇಟು ಬಿಟ್ಟದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ಇದನ್ನ ಯಾರು ಹೇಳ್ಕೊಟ್ರಣ್ಣ?" ಅಂತ ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ. "ಹೇಳ್ಕೊಡದೇನಕ್ಕ? ಪ್ಲೇಟ್ ಮೇಲೆ ಮೆತ್ತಬಾರ್ದು. ಬಸ್ ಗೇಮ್ ಆಡಿಲ್ವಾ ನೀವು? ಅದ್ರಲ್ಲಿ ಹಂಗೇ ಇರದು."

ಅಳತೆ ತೆಗೆದುಕೊಳ್ಳಬೇಕಾದ ಅಂಗಡಿ ಮರೆತೇಹೋಯಿತು. ಅಲ್ಲೇ ಮಳೆಯಲ್ಲಿ ನಿಂತು ಅಬ್ಬನಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಬ್ಬನಿಗೆ ಈಗ ಕಣ್ಣು ಮಂಜು, ಬ್ರಷ್ ಹಿಡಿಯುವುದು ನಿಂತಿದೆ. ನಾನು ಉರ್ದುವಿನಲ್ಲಿ ಹೇಳಿದ್ದಕ್ಕೆ ಅಬ್ಬನ ಉತ್ತರ ಕನ್ನಡದಲ್ಲಿ ಬಂತು.

"ಬ್ಲೇಡ್ ನೆಟ್ಟಗೆ ಹೊಡ್ದವ್ನಾ?"

"ನೆಟ್ಟಗೆ ಹೊಡ್ದವ್ರೆ ಅಬ್ಬಾ. ನಾಲ್ಕು ಮೂಲೆನೂ."

"ಹಂಗಾದ್ರೆ ಅವ್ನು ಪೇಂಟರ್ರು ಬುಡು" ಅಂದರು ಅಬ್ಬ.